ಎರಡು ಹೊಳೆಯ ಓಟ

ಅನಂತಪುರ, ತಾ. ಅಥಣಿ
9 ಜೂನ್ 2024

ಚಿರಂಜೀವಿ ಸಮಾಧಾನ ಅವರಿಗೆ ಉಜ್ವಲಾಳ ಆಶೀರ್ವಾದ.

ಪತ್ರ ಕಂಡು ಗಾಬರಿಯಾಗಬೇಡಿ, ಇಲ್ಲಿ ಎಲ್ಲರೂ ಆರಾಮ ಇದ್ದೇವೆ. "ಈಗ ಪತ್ರ ಬರಿಯಾವ್ರು ಅಂದ್ರ ಬ್ಯಾಂಕಿನವ್ರು, ಕೋರ್ಟಿನವ್ರು ಅಷ್ಟ" ಎಂದು ನಮ್ಮ ಮನೆಯವರು ನಗುತ್ತಿದ್ದಾರೆ. ನಗಲಿ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ ‘ಹ್ಞೂಂ’ ಅನ್ನುತ್ತೀರಿ, ‘ಆತು’ ಅನ್ನುತ್ತೀರಿ, ಇಟ್ಟುಬಿಡುತ್ತೀರಿ. ಪತ್ರವನ್ನು ಹಾಗೆ ನಡುವೆ ಇಡಲು ಬರುವುದಿಲ್ಲವಲ್ಲ.

ನನ್ನ ತಂಗಿ ಮಾಯವ್ವ ಹೋಗಿ ಬರುವ ಶ್ರಾವಣಕ್ಕೆ ವರ್ಷವಾಗುತ್ತದೆ. ಅವಳ ದಿನಕರ್ಮ ಮುಗಿಸಿ, ಮಗಳನ್ನು ನನ್ನ ಕೈಗೆ ಕೊಟ್ಟು ನೀವು ಪುಣೆಗೆ ಹೊರಟಾಗ "ಸೋನಾಲಿ ದೀಪಾವಳಿತನಾ ಇಲ್ಲೇ ಇರ್ಲಿ ಅಕ್ಕಾ" ಅಂದಿದ್ದಿರಿ. ದೀಪಾವಳಿ ಬಂತು, ಸಂಕ್ರಾಂತಿವರೆಗೆ ಅಂದಿರಿ. ಆಮೇಲೆ ನಿಮ್ಮ ಮ್ಯಾರಥಾನ್ ಓಟ ಮುಗಿಯಲಿ ಅಂದಿರಿ. ಓಟ ಮುಗಿದ ಮೇಲೆ ಸಾಲೆ ಶುರುವಾಗಲಿ ಅಂದಿರಿ. ಈಗ ಸಾಲೆ ಶುರುವಾಗಿದೆ. ಕಾದು ಕಾದು ನಾನೇ ಅವಳನ್ನು ಇಲ್ಲಿಯ ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಹಾಕಿದ್ದೇನೆ. ತಪ್ಪಾಗಿದ್ದರೆ ಬಂದು ಬಯ್ಯಿರಿ. ಬಯ್ಯಲಿಕ್ಕಾದರೂ ಬನ್ನಿ.

ಹುಡುಗಿಯ ಬಗ್ಗೆ ದೂರಿಲ್ಲ. ಹಾಕಿದ್ದು ಉಣ್ಣುತ್ತಾಳೆ, ಹೇಳಿದ್ದು ಮಾಡುತ್ತಾಳೆ, ತಾನೇ ಎದ್ದು ಹಾಸಿಗೆ ಮಡಚಿಡುತ್ತಾಳೆ. ಒಂದು ಹಟವಿಲ್ಲ, ಒಂದು ಜಗಳವಿಲ್ಲ. ಒಂಬತ್ತು ವರ್ಷದ ಹುಡುಗರು ಇಷ್ಟು ಶಾಣ್ಯಾ ಇರಬಾರದು. ಅವಳನ್ನು ನೋಡಿದರೆ ನನಗೆ ಒಮ್ಮೊಮ್ಮೆ ಹೆದರಿಕೆಯಾಗುತ್ತದೆ.

ಯಾವಾಗ ಬರುತ್ತೀರಿ, ಬರೆಯಿರಿ.

ನಿಮ್ಮ ಅಕ್ಕ
ಉಜ್ವಲಾ


ಅನಂತಪುರ
14 ಜುಲೈ 2024

ಪಪ್ಪಾ, ನಮಸ್ಕಾರ.

ಪತ್ರ ಬರೆ ಎಂದು ದೊಡ್ಡವ್ವ ಹೇಳಿದಳು. ನನಗೆ ಈಗ ಕನ್ನಡ ಬರೆಯಲು ಬರುತ್ತದೆ. ಒತ್ತಕ್ಷರ ತಪ್ಪಾದರೆ ದೊಡ್ಡವ್ವ ತಿದ್ದುತ್ತಾಳೆ. ಸಾಲೆಯಲ್ಲಿ ನನ್ನನ್ನು ‘ಪುಣೆದಾಕಿ’ ಎಂದು ಕರೆಯುತ್ತಾರೆ. ನನಗೆ ಅದರಿಂದ ಏನೂ ಆಗುವುದಿಲ್ಲ.

ಗುರುಗಳು ‘ನಮ್ಮ ತಂದೆಯ ಉದ್ಯೋಗ’ ಎಂದು ಪ್ರಬಂಧ ಬರೆಯಲು ಹೇಳಿದರು. ನಾನು "ನಮ್ಮ ತಂದೆ ಪುಣೆಯಲ್ಲಿ ಜನರನ್ನು ಓಡಿಸುತ್ತಾರೆ" ಎಂದು ಬರೆದೆ. ಎಲ್ಲರೂ ನಕ್ಕರು. ನನ್ನ ಪಕ್ಕ ಕೂಡುವ ಕೆಂಚವ್ವ "ನಿಮ್ಮಪ್ಪ ಪೊಲೀಸ ಏನ?" ಅಂದಳು. ನಾನು ಮ್ಯಾರಥಾನ್ ಎಂದು ಹೇಳಿದೆ. ಗುರುಗಳು "ಅದು ಹೆಂಗ ಶುರುವಾತು, ಪೂರಾ ತಿಳಕೊಂಡು ಬರಿ" ಅಂದರು. ನನಗೆ ಗೊತ್ತಿಲ್ಲ. ಅಜ್ಜನಿಗೂ ಗೊತ್ತಿಲ್ಲ. ನೀವು ಬರೆದು ಕಳಿಸಿ.

ಅಜ್ಜನ ಹಿಂಡಿನಲ್ಲಿ ಒಂದು ಕುರಿ ಅವಳಿ ಮರಿ ಹಾಕಿದೆ. ಮಳೆ ಸಣ್ಣಗೆ ಇದೆ.

ಸೋನಾಲಿ


ಪುಣೆ
11 ಆಗಸ್ಟ್ 2024

ಸೋನಾಲಿಗೆ ಆಶೀರ್ವಾದ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಬರೆಯಲು ಕುಳಿತೆ, ಬಿಟ್ಟೆ, ಮತ್ತೆ ಕುಳಿತೆ. ಪ್ರಬಂಧ ಕೊಡುವ ದಿನ ಮುಗಿದು ಹೋಗಿದ್ದರೆ ಗುರುಗಳಿಗೆ ನನ್ನ ಹೆಸರು ಹೇಳು.

ನೀನು ಹುಟ್ಟುವ ಮೊದಲಿನ ಮಾತು. ನಾನು ನಿಪ್ಪಾಣಿ ಬಿಟ್ಟು ಇಲ್ಲಿಯ ಒಂದು ಕಾರಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಚಾಳಿನ ಸಾಲುಮನೆಗಳಲ್ಲಿ ಒಂದು ಖೋಲಿ, ಒಂದೇ ಕೋಣೆ. ಮದುವೆಯಾಗಿ ನಿನ್ನ ಅವ್ವ ಆ ಖೋಲಿಗೆ ಬಂದಳು. ಅವಳು ಅನಂತಪುರದಿಂದ ಹಿಂಡಿನ ಜೊತೆ ಕೃಷ್ಣೆಯ ದಂಡೆಯವರೆಗೆ ನಡೆದು ಬೆಳೆದವಳು. "ಇಲ್ಲಿ ನಾ ಹೆಂಗ ಇರ್ಲಿ? ಹೊಳ್ಳಿದ್ರ ಗ್ವಾಡಿಗೆ ಮೂಗು ಬಡೀತೈತಿ" ಅಂದಳು. ನಾನು ಪಾಳಿಗೆ ಹೋದ ಮೇಲೆ ಬೆಳಗಿನ ಹೊತ್ತು ಹೊಳೆಯ ಸೇತುವೆತನಕ ನಡೆಯತೊಡಗಿದಳು. ಕೆಲವು ದಿನದಲ್ಲಿ ನಡಿಗೆ ಸಾಲದಾಯಿತು, ಓಡತೊಡಗಿದಳು. ಕಚ್ಚೆ ಸೀರೆ, ಕಾಲಲ್ಲಿ ನನ್ನ ಕಾರಖಾನೆಯ ಹಳೆ ಬೂಟು, ಬೂಟಿನ ತುದಿಗೆ ಅರಿವೆ ತುರುಕಿದ್ದಳು.

ಚಾಳಿನವರು ಮೊದಲು ನಕ್ಕರು. ಆಮೇಲೆ ಹೆಂಗಸರು ಹಿಂದೆ ಬಿದ್ದರು. ಆಮೇಲೆ ಗಂಡಸರಿಗೆ ಸಿಟ್ಟು ಬಂತು. ರಾಯಬಾಗದ ಸತ್ತೆಪ್ಪ ಕಾಕಾ ನಮ್ಮ ಪಕ್ಕದ ಖೋಲಿಯವನು, ನಿನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು. ಅವನು "ಹೆಣ್ಣಮಗಳ ಮುಂದ ಸೋಲಾಂವಲ್ಲ ನಾ" ಎಂದು ಶರ್ಯತ್ತು ಕಟ್ಟಿದ. ಒಂದು ಭಾನುವಾರ ಚಾಳಿನ ನಳದಿಂದ ಸೇತುವೆಯ ಹತ್ತಿರದ ಹುಣಸೆಮರದವರೆಗೆ ಹೋಗಿ ಹೊಳ್ಳಿ ಬರುವುದೆಂದಾಯಿತು. ಇಪ್ಪತ್ತು ಜನ ಇದ್ದಿರಬಹುದು. ಗೆದ್ದವರಿಗೆ ಸ್ಟೀಲಿನ ಬಕೇಟು, ಉಳಿದವರಿಗೆ ಅವಲಕ್ಕಿ, ಚಹಾ. ಸತ್ತೆಪ್ಪನೇ ಮೊದಲು ಬಂದ. ಮೈಮೇಲೆ ಒಂದು ಹನಿ ಬೆವರಿರಲಿಲ್ಲ. ಪಾನಪಟ್ಟಿ ಅಂಗಡಿಯ ಹಿಂದೆ ನಿಂತಿದ್ದು ನಡುವಿನಿಂದಲೇ ಹೊಳ್ಳಿದ್ದನೆಂದು ಆಮೇಲೆ ಗೊತ್ತಾಯಿತು. ನಿನ್ನ ಅವ್ವ "ನಮ್ಮ ಕುರಿನೂ ಇಷ್ಟ ಕಳ್ಳ ಇರೂದಿಲ್ಲ" ಅಂದಳು.

ಮುಂದಿನ ಸಲ ಅವಳು ಓಡಲಿಲ್ಲ. ಅನಂತಪುರದಿಂದ ತರಿಸಿದ ಹುರಮಂಜಿನ ಕೆಂಪು ಮಣ್ಣನ್ನು ಬಟ್ಟಲಲ್ಲಿ ಕಲಸಿಕೊಂಡು ಹುಣಸೆಮರದ ಕೆಳಗೆ ನಿಂತಳು. ಅಜ್ಜ ಕುರಿಗೆ ಕೆಂಪು ಗುರುತು ಹಾಕುವುದನ್ನು ನೀನು ನೋಡಿದ್ದೀಯಲ್ಲ, ಹಾಗೆಯೇ ಮರ ಸುತ್ತಿ ಹೊಳ್ಳುವ ಪ್ರತಿಯೊಬ್ಬರ ತೋಳಿಗೆ ಒಂದು ಗುರುತು ಒತ್ತಿದಳು. ಗುರುತು ಇಲ್ಲದವರಿಗೆ ಅವಲಕ್ಕಿ ಇಲ್ಲ. ಗುರುತು ಹಾಕಲು ನಿಂತವರು ಹಿಂದೆ ಉಳಿದ ಕುರಿ ಬರುವತನಕ ಜಾಗ ಬಿಡಬಾರದಂತೆ. ಸಕ್ಕುಬಾಯಿ ಎಂಬ ಮುದುಕಿ ದಾರಿಯಲ್ಲಿ ಯಾರದೋ ಮನೆಗೆ ಹೋಗಿ ಮಾತಾಡುತ್ತ ಕುಳಿತಿದ್ದಳು. ನಿನ್ನ ಅವ್ವ ಬಿಸಿಲೇರುವತನಕ ಅವಳಿಗಾಗಿ ನಿಂತಿದ್ದಳು.

ಮುಂದೆ ಪಕ್ಕದ ವಸ್ತಿಯವರು ಸೇರಿದರು. ಕಾರಖಾನೆಯ ಯುನಿಯನ್ನಿನವರು ಅಂಗಿ ಹೊಲಿಸಿ ಕೊಟ್ಟರು. ಪುಣೆಗೆ ಎರಡು ಹೊಳೆಗಳೆಂದು ಯಾರೋ ‘ಎರಡು ಹೊಳೆಯ ಓಟ’ ಎಂದು ಹೆಸರಿಟ್ಟರು. ಪೇಪರಿನಲ್ಲಿ ಕೆಂಪು ಗುರುತಿನ ತೋಳುಗಳ ಫೋಟೋ ಬಂತು. ಮರುವರ್ಷ ಸೇತುವೆ ಮುಚ್ಚಿಸಬೇಕಾಯಿತು, ಪೊಲೀಸರ ಪರವಾನಿಗೆ ಬೇಕಾಯಿತು. ಇಪ್ಪತ್ತೊಂದು ಕಿಲೋಮೀಟರ್ ಆಯಿತು, ನಲವತ್ತೆರಡು ಆಯಿತು. ನಾನು ಕಾರಖಾನೆ ಬಿಟ್ಟು ಓಟ ನಡೆಸುವ ಕಂಪನಿಯ ಆಫೀಸಿನಲ್ಲಿ ಕುಳಿತೆ. ಕೀನ್ಯಾದವರು ಬಂದರು. ಬೂಟಿಗೆ ಚಿಪ್ ಬಂತು, ಕಳ್ಳರಿಗೆ ದಾರಿ ಇಲ್ಲವಾಯಿತು. ಆದರೂ ಹುಣಸೆಮರದ ಹತ್ತಿರ ಬಟ್ಟಲು ಉಳಿಯಿತು. ಈಗ ಅದೇ ಕೆಂಪು ಗುರುತು ಇಡೀ ಪುಣೆಯ ಹೋರ್ಡಿಂಗುಗಳ ಮೇಲೆ ಇದೆ. ಈ ಸಲ ನಲವತ್ತು ಸಾವಿರ ಜನ ಓಡುತ್ತಾರೆ.

ಇಷ್ಟೇ. ಪ್ರಬಂಧಕ್ಕೆ ಸಾಕಾಗಬಹುದು. ದೊಡ್ಡವ್ವ ಹೇಳಿದಂತೆ ಕೇಳು.

ಪಪ್ಪಾ


ಅನಂತಪುರ
22 ಸೆಪ್ಟೆಂಬರ್ 2024

ಚಿರಂಜೀವಿ ಸಮಾಧಾನ ಅವರಿಗೆ ಆಶೀರ್ವಾದ.

ಸೋನಾಲಿಯ ಪ್ರಬಂಧವನ್ನು ಗುರುಗಳು ಇಡೀ ಸಾಲೆಗೆ ಓದಿ ತೋರಿಸಿದರಂತೆ. ಸತ್ತೆಪ್ಪನ ಕಥೆ ಕೇಳಿ ನಮ್ಮಪ್ಪ ಕಾಡಸಿದ್ದ, ಕುರಿ ಈದರೂ ಕುರಿ ಸತ್ತರೂ ಒಂದೇ ಮುಖ ಮಾಡುವ ಮನುಷ್ಯ, ಹೊಟ್ಟೆ ಹಿಡಿದು ನಕ್ಕ. ಆಮೇಲೆ ಎದ್ದು ಹಿತ್ತಲಿಗೆ ಹೋದ, ಬಹಳ ಹೊತ್ತು ಬರಲಿಲ್ಲ. ತನ್ನ ಮಗಳು ಪುಣೆಯಲ್ಲಿ ತನ್ನ ಹುರಮಂಜು ಹಾಕುತ್ತಿದ್ದಳೆಂದು ಅವನಿಗೆ ಗೊತ್ತಿರಲಿಲ್ಲ. ನೀವಿಬ್ಬರೂ ಯಾರಿಗೂ ಏನೂ ಹೇಳದ ಜಾತಿ.

ಈಗ ಒಂದು ಎಡವಟ್ಟಾಗಿದೆ, ಕೇಳಿರಿ. ಮೊನ್ನೆ ಉಣ್ಣೆ ಕತ್ತರಿಸಿದೆವು. ಬೇರೆಯವರು ಅಪ್ಪನ ಹಿಂಡಿನಲ್ಲಿ ಸಾಕಲು ಬಿಟ್ಟ ಪಾಲಿನ ಕುರಿಗಳಿಗೆ ಅವರವರ ಗುರುತೇ ಇರುತ್ತದೆ. ನಮ್ಮ ಹಟ್ಟಿಯ ಹಿಂದಿನಿಂದ ಬಂದ ಪದ್ಧತಿ ಏನೆಂದರೆ, ಮೂರು ಸಲ ಉಣ್ಣೆ ಕತ್ತರಿಸುವುದರೊಳಗೆ ಒಡೆಯ ಒಮ್ಮೆಯಾದರೂ ಬಂದು ತನ್ನ ಕುರಿಯ ಮೈ ಮುಟ್ಟಿ ನೋಡಬೇಕು. ನೋಡದಿದ್ದರೆ ಮೂರನೆಯ ಸಲ ಹಳೆಯ ಗುರುತಿನ ಮೇಲೆ ನಮ್ಮ ಗುರುತು. ಆಮೇಲೆ ಅದು ನಮ್ಮದು, ಒಡೆಯ ಬಂದು ಕೂಗಾಡಿದರೂ ಪಂಚರು ಕೇಳುವುದಿಲ್ಲ.

ಹುಡುಗಿ ಇದನ್ನು ಕೇಳಿದ್ದಾಳೆ. ಅಪ್ಪನಿಗೆ "ಅಜ್ಜಾ, ನಾನೂ ಪಾಲಿಗಿ ಬಿಟ್ಟಾಕಿ ಏನ?" ಅಂದಳು. ಅವನು ಕತ್ತರಿ ಹಿಡಿದು ತನ್ನ ಧ್ಯಾನದಲ್ಲಿದ್ದ. "ಹೂಂನವ್ವಾ, ನಿಮ್ಮಪ್ಪನ ಕುರಿ ನೀನು" ಎಂದುಬಿಟ್ಟ. ಆಟಕ್ಕೆ ಅಂದ ಮಾತು. ಅವಳು ಆಟಕ್ಕೆ ತೆಗೆದುಕೊಂಡಿಲ್ಲ. ಅವಳು ಬಂದ ಮೇಲೆ ಎರಡು ಸಲ ಉಣ್ಣೆ ತೆಗೆದಾಯಿತು. ಇನ್ನೊಂದು ಸಲ ಮಾಘದಲ್ಲಿ.

‘ಅದು ಕುರಿಯ ಮಾತು, ಮನುಷ್ಯರದಲ್ಲ’ ಎಂದು ಹೇಳಿದೆ. "ಆತು ದೊಡ್ಡವ್ವಾ" ಅಂದಳು. ನಿಮ್ಮದೇ ‘ಆತು’.

ದೀಪಾವಳಿಗೆ ಬಂದುಬಿಡಿ. ಒಂದು ದಿನಕ್ಕಾದರೂ ಸಾಕು.

ಉಜ್ವಲಾ


ಅನಂತಪುರ
10 ನವೆಂಬರ್ 2024

ಪಪ್ಪಾ, ನಮಸ್ಕಾರ.

ನೀವು ದೀಪಾವಳಿಗೆ ಕಳಿಸಿದ ಬೂಟು ಬಂತು. ಚೆನ್ನಾಗಿದೆ. ನನ್ನ ಕಾಲು ಒಳಗೆ ಹೋಗಲಿಲ್ಲ. ನಾನು ಪುಣೆಯಲ್ಲಿ ಹಾಕುತ್ತಿದ್ದ ಅಳತೆಯದು. ಕೆಂಚವ್ವನ ತಂಗಿಗೆ ಕೊಟ್ಟೆವು, ಅವಳಿಗೆ ಸರಿಯಾಗಿದೆ. ನೀವು ಬೇಜಾರು ಮಾಡಿಕೊಳ್ಳಬೇಡಿ.

ಭಾರತ ಹುಣ್ಣಿಮೆಯಾದ ಮೇಲೆ ಬರುವ ಭಾನುವಾರ ಉಣ್ಣೆ ಕತ್ತರಿಸುತ್ತೇವೆ ಎಂದು ಅಜ್ಜ ಹೇಳಿದ್ದಾನೆ. ಕ್ಯಾಲೆಂಡರಿನಲ್ಲಿ ನೋಡಿದೆ. ಅದು ಫೆಬ್ರವರಿ 16. ನಿಮ್ಮ ಓಟ ಯಾವತ್ತು? ಬೇರೆ ದಿನ ಇದ್ದರೆ ಬನ್ನಿ. ಬಂದು ಕೂಡಲೇ ಹೋದರೂ ನಡೆಯುತ್ತದೆ. ಮುಟ್ಟಿ ನೋಡಿದರೆ ಸಾಕಂತೆ.

ಸೋನಾಲಿ


ಪುಣೆ
15 ಡಿಸೆಂಬರ್ 2024

ಅಕ್ಕನವರಿಗೆ ಸಮಾಧಾನನ ನಮಸ್ಕಾರಗಳು.

ಓಟವೂ ಫೆಬ್ರವರಿ 16ರಂದೇ. ಸೋನಾಲಿಗೆ ಏನು ಬರೆಯಬೇಕೋ ತಿಳಿಯದೆ ನಿಮಗೆ ಬರೆಯುತ್ತಿದ್ದೇನೆ.

ನಾನು ಕಲ್ಲು ಮನಸ್ಸಿನವನೆಂದು ನಿಮಗೆ ಅನ್ನಿಸುತ್ತಿರಬಹುದು. ನಿಜ ಹೇಳುತ್ತೇನೆ, ನನಗೆ ಏನೂ ಅನ್ನಿಸುವುದೇ ಇಲ್ಲ. ಬೆಳಿಗ್ಗೆ ಏಳುತ್ತೇನೆ, ಆಫೀಸಿಗೆ ಹೋಗುತ್ತೇನೆ. ನೀರಿನ ಟ್ಯಾಂಕರು, ಬ್ಯಾರಿಕೇಡು, ಅಂಬುಲನ್ಸು, ಎಲ್ಲದಕ್ಕೂ ಸಹಿ ಹಾಕುತ್ತೇನೆ. ಕಳೆದ ಸಲದ ಓಟದಲ್ಲಿ ಸಾವಿರಾರು ಜನ ಗುರಿ ಮುಟ್ಟಿ ಅಳುತ್ತಿದ್ದರು, ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅದು ಗಾಜಿನ ಆಚೆ ನಡೆದಂತೆ ಇತ್ತು. ಮಾಯವ್ವನ ಜಾಗದಲ್ಲಿ ಸತ್ತೆಪ್ಪ ಬಟ್ಟಲು ಹಿಡಿದು ನಿಂತಿದ್ದ. ನಾನು ಆ ಕಡೆ ಹೋಗಲೇ ಇಲ್ಲ. ಬರುವ ವರ್ಷದಿಂದ ಬಟ್ಟಲು ಬೇಡ, ಸ್ಟಿಕ್ಕರು ಸಾಕು ಎಂದು ಕಂಪನಿಯವರು ಹೇಳಿದರು. ಅದಕ್ಕೂ ಸಹಿ ಹಾಕಿದೆ.

ಮಳೆಗಾಲದಲ್ಲಿ ಒಮ್ಮೆ ಸೋನಾಲಿಯನ್ನು ನೋಡಬೇಕೆಂದು ಮಿರಜಿನವರೆಗೆ ಬಂದಿದ್ದೆ. ಅಥಣಿ ಬಸ್ಸು ಎದುರಿಗೇ ನಿಂತಿತ್ತು. ಹತ್ತಲಾಗಲಿಲ್ಲ. ಅವಳು ನಕ್ಕರೆ ಮಾಯವ್ವನ ಹಾಗೆಯೇ ಹಲ್ಲು ಕಾಣುತ್ತದೆ. ಅದನ್ನು ನೋಡಿಯೂ ನನಗೆ ಏನೂ ಅನ್ನಿಸದಿದ್ದರೆ? ಆ ಹೆದರಿಕೆಗೇ ಪುಣೆಗೆ ಹೊಳ್ಳುವ ಗಾಡಿ ಹಿಡಿದೆ.

ಅವಳು ನಿಮ್ಮ ಹತ್ತಿರವೇ ಇರಲಿ ಅಕ್ಕಾ. ಖರ್ಚಿಗೆ ತಪ್ಪದೆ ಕಳಿಸುತ್ತೇನೆ. ಅವಳಿಗೆ ಕೊಡಲು ನನ್ನಲ್ಲಿ ಬೇರೇನೂ ಉಳಿದಿಲ್ಲ. ಮಾವನವರಿಗೆ ತಿಳಿಸಿ.

ಸಮಾಧಾನ


ಅನಂತಪುರ
5 ಜನವರಿ 2025

ಸಮಾಧಾನ ಅವರಿಗೆ,

ನಿಮ್ಮ ಪತ್ರ ಅಪ್ಪನಿಗೆ ಓದಿ ಹೇಳಿಲ್ಲ. ಸೋನಾಲಿಗೂ ಹೇಳಿಲ್ಲ. ಮೂರು ದಿನ ಸಿಟ್ಟಿನಲ್ಲಿದ್ದೆ. ಕಟ್ಟಿಗೆಯ ಕೊಣಮಿಗೆಯಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ನಮ್ಮ ಮನೆಯವರು "ಯಾರ ಮ್ಯಾಲ ಸಿಟ್ಟು ಐತಿ ಹೇಳರ ಹೇಳ, ಕೊಣಮಿಗಿ ಒಡದೀತು" ಅಂದರು.

ನನ್ನ ಸಿಟ್ಟು ಏಕೆಂದು ಹೇಳುತ್ತೇನೆ. ನನಗೆ ಮಕ್ಕಳಿಲ್ಲ, ನಿಮಗೆ ಗೊತ್ತಿದ್ದದ್ದೇ. ಸೋನಾಲಿ ಬಂದ ಮೇಲೆ ಈ ಮನೆಯಲ್ಲಿ ಬೆಳಿಗ್ಗೆ ಎಣ್ಣೆ ಹಚ್ಚಿ ಜಡೆ ಹಾಕುವುದೊಂದು ಕೆಲಸ ಸೇರಿದೆ. ಆ ಕೆಲಸ ಇಲ್ಲದೆ ಇನ್ನು ನನಗೆ ಬೆಳಗಾಗುವುದಿಲ್ಲ. ‘ನಿಮ್ಮ ಹತ್ತಿರವೇ ಇರಲಿ’ ಎಂಬ ಸಾಲು ಓದಿದಾಗ ನನ್ನ ಜೀವ ಹಿಗ್ಗಿತು. ಹಿಗ್ಗಿದ್ದಕ್ಕೇ ನಾಚಿಕೆಯಾಯಿತು, ನಾಚಿಕೆಗೆ ಸಿಟ್ಟು ಬಂತು. ನೀವು ಬರದಿದ್ದರೆ ಲಾಭ ನನಗೇ. ಆದರೂ ಬನ್ನಿ ಎಂದು ಬರೆಯುತ್ತಿದ್ದೇನೆ, ಎಷ್ಟು ಕಷ್ಟಪಟ್ಟು ಬರೆಯುತ್ತಿದ್ದೇನೆಂದು ತಿಳಿದುಕೊಳ್ಳಿ.

ಏನೂ ಅನ್ನಿಸುವುದಿಲ್ಲ ಅಂದಿರಿ. ಅನ್ನಿಸದಿದ್ದರೆ ಬೇಡ. ಮಗು ನಿಮಗೆ ಏನು ಅನ್ನಿಸುತ್ತದೆ ಎಂದು ಕೇಳಿಲ್ಲ, ಬರುತ್ತೀರಾ ಎಂದು ಕೇಳಿದೆ. ಹಸಿವೆ ಇಲ್ಲದಾಗಲೂ ಎರಡು ತುತ್ತು ತಿನ್ನುವುದಿಲ್ಲವೇ?

ಓಟ ಅದೇ ದಿನ ಎಂದು ಅಪ್ಪನಿಗೆ ತಿಳಿಸಿದೆ. ಪಾಪ, ತನ್ನ ಬಾಯಿಂದ ಹೋದ ಮಾತಿಗೆ ಅವನೂ ಕೊರಗುತ್ತಿದ್ದಾನೆ. "ಒಂದ ವಾರ ಮುಂದ ಹಾಕೂಣು, ಕುರಿ ಏನ ಕೇಳ್ತಾವ?" ಅಂದ. ಸೋನಾಲಿ ಒಪ್ಪಲಿಲ್ಲ. "ಬ್ಯಾರೆ ಕುರಿಗೋಳಿಗಿ ಮುಂದ ಹಾಕ್ತಿದ್ದೇನ ಅಜ್ಜಾ? ಇಲ್ಲಂದ್ರ ನನಗೂ ಬ್ಯಾಡ" ಅಂದಳು.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು ಇನ್ನು ಸಾಕು. ಬರುತ್ತೀರೋ ಇಲ್ಲವೋ, ಅವಳಿಗೇ ಬರೆಯಿರಿ.

ಉಜ್ವಲಾ


ಪುಣೆ
9 ಫೆಬ್ರವರಿ 2025

ಸೋನಾಲಿಗೆ,

ಭಾನುವಾರ ಬರಲು ಆಗುವುದಿಲ್ಲ. ಓಟದ ದಿನ ನಾನು ಇಲ್ಲದಿದ್ದರೆ ಪೊಲೀಸರು ರಸ್ತೆ ಮುಚ್ಚಿಸಲು ಒಪ್ಪುವುದಿಲ್ಲ. ಎಲ್ಲ ನನ್ನ ಹೆಸರಿನಲ್ಲೇ ಇದೆ. ಸೋಮವಾರ ಖಂಡಿತ ಬರುತ್ತೇನೆ. ಒಂದೇ ದಿನದ ಅಂತರ.

ಪಪ್ಪಾ


ಕಾಗವಾಡ ಬಸ್‌ಸ್ಟ್ಯಾಂಡ್
18 ಫೆಬ್ರವರಿ 2025

ಅಕ್ಕನವರಿಗೆ ನಮಸ್ಕಾರ.

ಬೆಳಿಗ್ಗೆಯಷ್ಟೇ ನಿಮ್ಮ ಮನೆಯಿಂದ ಹೊರಟವನು ಮಧ್ಯಾಹ್ನ ಪತ್ರ ಬರೆಯುತ್ತಿದ್ದಾನೆಂದರೆ ನಿಮಗೆ ವಿಚಿತ್ರ ಅನ್ನಿಸಬಹುದು. ನೀವು ಹೊಲದಲ್ಲಿದ್ದಾಗ ನಡೆದದ್ದು ನಿಮಗೆ ಗೊತ್ತಿಲ್ಲ. ಎದುರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ನಿನ್ನೆ ನಾನು ಬಂದಾಗ ಸೋನಾಲಿ ಒಬ್ಬಳೇ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಎಷ್ಟು ಎತ್ತರವಾಗಿದ್ದಾಳೆ! ನಾನು ಹೆಸರು ಹಿಡಿದು ಕರೆದೆ. ಓಡಿ ಬರುತ್ತಾಳೆಂದುಕೊಂಡಿದ್ದೆ. ಅವಳು ಮೊರ ಬದಿಗಿಟ್ಟು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. "ಕಾಲ ತೊಳಕೋರಿ" ಅಂದಳು. ಜಮಖಾನೆ ಹಾಸಿದಳು, ಬೆಲ್ಲ ನೀರು ಕೊಟ್ಟಳು. "ದೊಡ್ಡವ್ವ ಹೊಲಕ್ಕ ಹೋಗ್ಯಾಳ್ರಿ, ಈಗ ಬರ್ತಾಳ, ಕುಂದರ್ರಿ" ಅಂದಳು. ಬಂದ ಬೀಗರಿಗೆ ಮಾಡುವ ಮರ್ಯಾದೆಯೆಲ್ಲ ಮಾಡಿದಳು. ಒಂದೂ ಕಡಿಮೆ ಮಾಡಲಿಲ್ಲ.

ತೋಳಿನ ಮೇಲೆ ಹುರಮಂಜಿನ ಗುರುತಿತ್ತು. ಇದನ್ನು ಯಾರು ಹಾಕಿದರೆಂದು ಕೇಳಿದೆ. "ಅಜ್ಜ ಹಾಕಲಿಲ್ಲ. ಅಳಾಕತ್ತಿದ್ದ. ನಾನ ಹಾಕ್ಕೊಂಡ್ನಿ" ಅಂದಳು. ಆಮೇಲೆ ನನ್ನ ಮುಖ ನೋಡಿ, ದೊಡ್ಡವರು ಸಮಾಧಾನ ಹೇಳುವ ಹಾಗೆ ಹೇಳಿದಳು: "ಈಗ ನಾ ಇಲ್ಲಿಯಾಕಿ ಆದ್ನಿ ಪಪ್ಪಾ. ನೀವ ಇನ್ನ ತ್ರಾಸ ತಗೋಬ್ಯಾಡ್ರಿ."

ಆಗಲೂ ನನಗೆ ಏನೂ ಆಗಲಿಲ್ಲ. ನೀವು ಬಂದಿರಿ, ಊಟ ಹಾಕಿದಿರಿ, ಮಾವನವರು ಮುಖ ತಿರುಗಿಸಿ ಮಲಗಿದರು. ಬೆಳಿಗ್ಗೆ ಎದ್ದು ಬಸ್ಸು ಹತ್ತಿದೆ. ಬಸ್ಸು ಇಲ್ಲಿ ಚಹಾಕ್ಕೆ ನಿಂತಿತು. ನನ್ನ ಮುಂದಿನ ಸೀಟಿನ ಹೆಂಗಸು ಬಿಸ್ಕೀಟು ಕೊಡಿಸಲಿಲ್ಲವೆಂದು ಅವಳ ಮಗ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದ, ಅವ್ವನಿಗೆ ಒದೆಯುತ್ತಿದ್ದ. ನೋಡುತ್ತ ಕುಳಿತೆ. ನನ್ನ ಮಗಳು ನನ್ನಿಂದ ಏನನ್ನೂ ಕೇಳಿಲ್ಲ. ಮುಟ್ಟಿ ನೋಡಿ ಎಂದಷ್ಟೇ ಕೇಳಿದ್ದಳು. ನಿನ್ನೆಯಿಂದ ಇವತ್ತಿನವರೆಗೆ ಒಂದೇ ಮನೆಯಲ್ಲಿದ್ದೂ ನಾನು ಅವಳನ್ನು ಮುಟ್ಟಿಲ್ಲ ಎಂಬುದು ಆಗ ನೆನಪಾಯಿತು ಅಕ್ಕಾ.

ಬಸ್ಸಿನಿಂದ ಇಳಿದೆ. ಚಹಾದ ಅಂಗಡಿಯ ಹಿಂದೆ ನಿಂತು ಅತ್ತೆ. ಮಾಯವ್ವ ಹೋದಾಗಲೂ ಹಾಗೆ ಅತ್ತಿರಲಿಲ್ಲ. ಅಂಗಡಿಯವನು ಬಂದು ಏನಾಯಿತೆಂದು ಮರಾಠಿಯಲ್ಲಿ "ಕಾಯ್ ಝಾಲ ಭಾವು?" ಅಂದ. ಏನೂ ಇಲ್ಲ, ಬಸ್ಸು ತಪ್ಪಿತು ಅಂದೆ. ಬಸ್ಸು ಅವನ ಕಣ್ಣೆದುರಿಗೇ ನಿಂತಿತ್ತು.

ನಾನು ಅವಳನ್ನು ಕರೆದುಕೊಂಡು ಹೋಗಲು ಬರುತ್ತಿಲ್ಲ. ನೀವು ಹೆದರಬೇಡಿ. ಮೂರನೆಯ ಉಣ್ಣೆಗೆ ಬರದ ಒಡೆಯನ ಹಕ್ಕು ಹೋಯಿತು, ಒಪ್ಪುತ್ತೇನೆ. ಮಾವನವರಿಗೆ ವಯಸ್ಸಾಗಿದೆ, ಹಿಂಡಿನ ಹಿಂದೆ ತಿರುಗಲು ಒಬ್ಬ ಆಳು ಬೇಕೇ ಕೇಳಿರಿ. ಊಟ ಕೊಟ್ಟರೆ ಸಾಕು. ಕೆಲಸ ಬಿಟ್ಟೆನೆಂದು ಕಂಪನಿಯವರಿಗೆ ಇಲ್ಲಿಂದಲೇ ಫೋನಿನಲ್ಲಿ ತಿಳಿಸಿದ್ದೇನೆ. ಅವರಿಗೂ ಬಹಳ ದುಃಖವೇನೂ ಆಗಲಿಲ್ಲ. ನಲವತ್ತು ಸಾವಿರ ಜನ ಇನ್ನು ತಾವೇ ಓಡುತ್ತಾರೆ.

ಇದನ್ನು ಇಲ್ಲಿಯ ಡಬ್ಬಿಗೆ ಹಾಕಿ ಅನಂತಪುರಕ್ಕೆ ಹೊಳ್ಳುವ ಬಸ್ಸು ಹತ್ತುತ್ತೇನೆ. ಪತ್ರಕ್ಕಿಂತ ನಾನೇ ಮೊದಲು ಮುಟ್ಟುತ್ತೇನೆ. ಯಾಕೆ ಬಂದೆಯೆಂದು ಆಗ ಕೇಳಬೇಡಿ, ಪತ್ರ ಬಂದಾಗ ಓದಿಕೊಳ್ಳಿ.

ಸಮಾಧಾನ


ಅನಂತಪುರ
16 ಮಾರ್ಚ್ 2025

ಸತ್ತೆಪ್ಪಣ್ಣನವರಿಗೆ ಉಜ್ವಲಾಳ ನಮಸ್ಕಾರಗಳು.

ನೀವು ಫೋನ್ ಮಾಡಿ "ನಮ್ಮ ಸಮಾಧಾನ ಹೆಂಗ ಅದಾನ?" ಎಂದು ಕೇಳಿದಾಗ ಅವರು ಪಕ್ಕದಲ್ಲೇ ಕುಳಿತಿದ್ದರು, ಹೇಳಲಾಗಲಿಲ್ಲ. ಅದಕ್ಕೇ ಈ ಪತ್ರ. ನಮ್ಮ ಮನೆಯಲ್ಲಿ ಈಗ ಪತ್ರ ಬರೆಯುವವಳೆಂದರೆ ನಾನೊಬ್ಬಳೇ.

ಪುಣೆಯ ನಿಮ್ಮ ದೊಡ್ಡ ಸಾಹೇಬರಿಗೆ ಕುರಿ ಕಾಯಲು ಬರುವುದಿಲ್ಲ. ಮೊದಲ ವಾರದಲ್ಲೇ ಧರಣೇಂದ್ರ ಪಾಟೀಲರ ಕಬ್ಬಿಗೆ ಹಿಂಡು ನುಗ್ಗಿಸಿ ಊರವರಿಂದೆಲ್ಲ ಉಗಿಸಿಕೊಂಡರು. ಅಪ್ಪ ಹದಿನೈದು ದಿನ ಅವರೊಡನೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ತನ್ನ ಕಂಬಳಿ ಅವರ ಹೆಗಲಿಗೆ ಹಾಕಿ, "ಬಿಸಲಿಗಿ ಹಿಂಗ ಹೊರಬಾರದು, ಹಿಂಗ ಹೊರಬೇಕು" ಅಂದ. ಅಷ್ಟೇ ಮಾತು.

ಸೋನಾಲಿ ಮಾತ್ರ ಬೀಗರ ಹಾಗೆಯೇ ನಡೆಸಿಕೊಳ್ಳುತ್ತಿದ್ದಳು. ಮೊದಲು ಅವರಿಗೆ ಬಡಿಸುವುದು, ಬಚ್ಚಲಿಗೆ ನೀರು ಇಡುವುದು, ಎದ್ದು ನಿಲ್ಲುವುದು. ಅವರು ತಲೆ ಸವರಲು ಹೋದರೆ ಸುಮ್ಮನೆ ನಿಂತು ಸವರಿಸಿಕೊಳ್ಳುತ್ತಿದ್ದಳು, ಮುಗಿದ ಮೇಲೆ ಹೋಗುತ್ತಿದ್ದಳು. ಅವರು ದಿನಾ ಸವರುತ್ತಿದ್ದರು. ನೋಡಲಾಗದೆ ನಾನೇ ಬೇರೆ ಕಡೆ ತಿರುಗುತ್ತಿದ್ದೆ.

ಮೊನ್ನೆ ಗುರುವಾರ ಅವರು ಮರಿಗಳಿಗೆ ಔಷಧ ತರಲು ಅಥಣಿಗೆ ಹೋದರು. ಹುಡುಗಿ ಸಾಲೆಯಲ್ಲಿದ್ದಳು, ಅವಳಿಗೆ ಗೊತ್ತಿರಲಿಲ್ಲ. ನಾನೂ ಹೇಳಲು ಮರೆತೆ. ಸಾಲೆಯಿಂದ ಬಂದವಳು ಮನೆ ನೋಡಿದಳು, ಹಟ್ಟಿ ನೋಡಿದಳು, ಅವರ ಚೀಲ ಗೂಟಕ್ಕಿಲ್ಲದ್ದನ್ನು ನೋಡಿದಳು. ಹೋಗಿ ಬಸ್ಸು ನಿಲ್ಲುವಲ್ಲಿ ನಿಂತಳು. ಔಷಧ ತರಲು ಹೋಗಿದ್ದಾರೆ ಎಂದು ನಾನು ಹಿಂದೆ ಓಡಿ ಹೇಳಿದೆ. ನಂಬಲಿಲ್ಲ. ಒಂದು ಬಸ್ಸು ಬಂತು, ಅದರಿಂದ ಅವರು ಇಳಿಯಲಿಲ್ಲ. ಇನ್ನೊಂದು ದಾರಿಯಲ್ಲಿ ಕೆಟ್ಟು ನಿಂತಿತಂತೆ. ಹೊತ್ತು ಮುಳುಗುವಾಗ ಅವರು ಟ್ರ್ಯಾಕ್ಟರಿನ ಹಿಂದೆ ಕುಳಿತು ಬಂದರು, ಬಾಟಲಿಗಳ ಚೀಲ ಎದೆಗೆ ಹಿಡಿದಿದ್ದರು.

ಅಣ್ಣಾ, ಅವರು ಇಳಿಯುವುದಕ್ಕೂ ಬಿಡಲಿಲ್ಲ. ಹೋಗಿ ಎರಡೂ ಮುಷ್ಟಿಯಿಂದ ಗುದ್ದಿದಳು. ಎದೆಗೆ, ಹೊಟ್ಟೆಗೆ, ಸಿಕ್ಕಲ್ಲಿ ಗುದ್ದಿದಳು. ಊರ ಮಂದಿ ನಿಂತು ನೋಡುತ್ತಿತ್ತು. "ಹೇಳಿ ಹೋಗಾಕ ಬರೂದಿಲ್ಲೇನ ನಿನಗ? ಅವ್ವನೂ ಹೇಳಲಿಲ್ಲ, ನೀನೂ ಹೇಳಲಿಲ್ಲ! ಸತ್ತಿ ಅಂತ ತಿಳದಿದ್ನಿ ನಾ!" ಎಂದು ಗಂಟಲು ಹರಿಯುವ ಹಾಗೆ ಒದರಿದಳು. ಚೀಲ ಬಿದ್ದು ಬಾಟಲಿ ಒಡೆದವು. ಅವರು ರಸ್ತೆಯಲ್ಲೇ ಮೊಣಕಾಲೂರಿ ಕುಳಿತು, ಅವಳ ಕೈ ಸೋಲುವತನಕ ಗುದ್ದಿಸಿಕೊಂಡರು. ಸೋತ ಮೇಲೆ ಅವಳು ಅವರ ಕುತ್ತಿಗೆಗೆ ಬಿದ್ದಳು.

ನಾನು ಸ್ವಲ್ಪ ದೂರ ನಿಂತಿದ್ದೆ. ಇಷ್ಟು ದಿನದಲ್ಲಿ ಆ ಹುಡುಗಿ ನನ್ನ ಮೇಲೆ ಒಮ್ಮೆಯೂ ಸಿಟ್ಟು ಮಾಡಿಲ್ಲ, ಒಮ್ಮೆಯೂ ಕೈ ಎತ್ತಿಲ್ಲ. ಅವಳು ಯಾರವಳೆಂದು ನನಗೆ ಆಗ ತಿಳಿಯಿತು. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಹೊಟ್ಟೆಯಲ್ಲಿ ಉರಿಯೂ ಬಿತ್ತು, ಅದನ್ನೂ ಮುಚ್ಚಿಡುವುದಿಲ್ಲ. ಮನೆಗೆ ಬಂದು ಐದೂ ಜನರಿಗೆ ಆಗುವಷ್ಟು ಹಿಟ್ಟು ನಾದಿದೆ.

ಅವರ ಟ್ರಂಕು, ಹಾಸಿಗೆ ಯಾರಾದರೂ ಈ ಕಡೆ ಬರುವವರಿದ್ದರೆ ಕಳಿಸಿಕೊಡಿ. ಖೋಲಿಯ ಕೀಲಿ ನಿಮ್ಮ ಹತ್ತಿರವೇ ಇರಲಿ.

ನಿಮ್ಮ ತಂಗಿ
ಉಜ್ವಲಾ